ಕೈಯ ಅಭಿಪ್ರಾಯ



ಹೊಗೆ ಸೇದುವುದು ಕೆಟ್ಟದ್ದೆಂದು ಈ ಸಭೆಯಲ್ಲಿ ಉಪದೇಶಿಸಹೊರಟರೆ ನಗೆಪಾಟಲಾದೀತು. 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ಲರ ವರದಿ ಶ್ವಾಸಕೋಶದ ಕ್ಯಾನ್ಸರಿಗೆ ಸಿಗರೇಟು ಕಾರಣವೆಂದು ಸಾರಿದ ಮೇಲೆ ತಿಳಿಯದವರಾರು? ಈಗ ಪೊಟ್ಟಣದ ಮೇಲೆಯೇ ಭಯಂಕರ ಚಿತ್ರವಿದೆ. ಅದನ್ನು ನೋಡುತ್ತಲೇ ಕಡ್ಡಿ ಗೀರುತ್ತಾರಲ್ಲ, ಅದೇ ನಮ್ಮ ಇಂದಿನ ವಿಷಯ.

ಮನುಷ್ಯನಿಗೆ ಎರಡು ಅಭಿಪ್ರಾಯಗಳಿರುತ್ತವೆ. ಕೇಳಿದರೆ ಬಾಯಿ ಹೇಳುವುದೊಂದು. ಕೇಳದೆಯೇ ಕೈ ಹೇಳುವುದು ಇನ್ನೊಂದು. ಈ ಒಳಗಿನ ಒಲವನ್ನು ಅಳೆಯಲು ಆಂಥನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಒಂದು ವಸ್ತುವನ್ನು ಒಳ್ಳೆಯ ಮಾತಿನೊಡನೆ ಜೋಡಿಸುವಾಗ ಬೆರಳು ಗುಂಡಿಯನ್ನು ಎಷ್ಟು ಬೇಗ ಒತ್ತುತ್ತದೆಂದು ನೋಡುವುದು ಅದರ ರೀತಿ. (ತಪ್ಪದ ತಕ್ಕಡಿಯೇನೂ ಅಲ್ಲ.) 2007ರಲ್ಲಿ ಲಾರಿ ರಡ್ಮನ್ ಮತ್ತು ಸಂಗಡಿಗರು ಸೇದುವವರನ್ನು ಹೀಗೆ ಪರೀಕ್ಷಿಸಿದಾಗ, ಬಾಯಿಯ ಮಾತು ಇತ್ತೀಚಿನ ಅನುಭವಗಳೊಡನೆ ಹೊಂದಿತು, ಒಳಗಿನ ಒಲವು ಚಿಕ್ಕಂದಿನ ನೆನಪುಗಳೊಡನೆ.

ಓದಿ ನಾವು ಬೆಚ್ಚಿದೆವು. ಚಿಕ್ಕಂದಿನಲ್ಲಿ ನಮಗೆ ಬೀಡಿಯ ವಾಸನೆಯೆಂದರೆ ಅಪ್ಪಯ್ಯ ಮನೆಗೆ ಬಂದರು ಎಂದು. ಜಗಲಿಯಲ್ಲಿ ಕುಳಿತು ಅವರು ಬೀಡಿ ಹಚ್ಚಿದರೆ ಆಮೇಲೆ ಬೈಗಳಿಲ್ಲ, ಬರೀ ಕಥೆ. ಮುಂದೆ ಮುಂಬಯಿಗೆ ಬಂದು, ಹೋಟೆಲಿನಲ್ಲಿ ದುಡಿದು, ರಾತ್ರಿ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತಾಗ, ಬೆಂಕಿ ಕೊಟ್ಟವನು "ಎಂತ ಮಾರಾಯ, ಊರೆಲ್ಲಿ?" ಎಂದ. ಅಂದಿನಿಂದ ಬೀಡಿಯೆಂದರೆ ಊರು. ಬಿಡಹೊರಟಾಗಲೆಲ್ಲ ಊರನ್ನೇ ಬಿಟ್ಟಂತಾಗುತ್ತಿತ್ತು.

ನಿಕೊಟಿನ್ನಿನ ಕಾಟ ಮೊದಲ ವಾರದಲ್ಲಿ ಹೆಚ್ಚು. ತಿಂಗಳೊಳಗೆ ಬಹುಮಟ್ಟಿಗೆ ತಗ್ಗುತ್ತದೆ. ನಮಗೂ ತಗ್ಗಿತು. ಆದರೂ ಎರಡು ಸಲ, ಆರು ತಿಂಗಳು ಕಳೆದ ಮೇಲೆ, ಅದೇ ಮೆಟ್ಟಿಲ ಮೇಲೆ ಕುಳಿತೊಡನೆ ಕೈ ನಮ್ಮನ್ನು ಕೇಳದೆ ಗೆಳೆಯನ ಪೊಟ್ಟಣಕ್ಕೆ ಚಾಚಿತು. ಮೂರನೆಯ ಸಲ ಮೆಟ್ಟಿಲನ್ನಾಗಲಿ ಗೆಳೆಯರನ್ನಾಗಲಿ ಬಿಡಲಿಲ್ಲ. ಸುಲಿಯಲೆಂದು ಕೈಗೆ ನೆಲಗಡಲೆ ಕೊಟ್ಟೆವು. ಮಾತು ನಡೆಯಿತು, ಸಿಪ್ಪೆ ರಾಶಿಯಾಯಿತು. ಬಹಳ ದಿನಗಳ ಮೇಲೆ ಮೆಟ್ಟಿಲು ಬೀಡಿಯನ್ನು ಮರೆಯಿತು.

ಆಗ ನಮ್ಮ ಮಗನಿಗೆ ಏಳು ವರ್ಷ. ಈಗ ಇಪ್ಪತ್ತೆರಡು, ಸೇದುವುದಿಲ್ಲ ಎನ್ನುತ್ತಾನೆ. ಮೊನ್ನೆ ಚೌತಿಗೆ ಬಂದ ನೆಂಟರೊಬ್ಬರು ಹೊರಗೆ ನಿಂತು ಬೀಡಿ ಹಚ್ಚಿದರು. ಅವನು ಕಿಟಕಿಯ ಬಳಿ ಬಂದು, ಮೂಗರಳಿಸಿ, "ಅಪ್ಪಾ, ಇದು ನಿಮ್ಮ ವಾಸನೆ" ಎಂದು ನಕ್ಕ. ನಮಗೆ ನಗಲಾಗಲಿಲ್ಲ.