ಕುರ್ಚಿ ಹೋಗ್ತಾವ, ಕೇರಿ ಉಳೀತೈತಿ

(ವಿಜಯಪುರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಅಧಿಕಾರ ಶಾಶ್ವತ ಅಲ್ಲ ಅನ್ನೋ ಮಾತನ್ನ ನಮಗೆ ಬಹಳ ಮಂದಿ ಹೇಳ್ಯಾರ. ಪುರಾಣ ಹೇಳುವ ಸ್ವಾಮಿಗಳು ಹೇಳ್ಯಾರ. ಎಲೆಕ್ಷನ್ನಿನಾಗ ಸೋತ ಪುಢಾರಿಗಳು ಹೇಳ್ಯಾರ. ಅನ್ನದಾಗ ಹುಳ ಬಂತು ಅಂತ ಕೇಳಲಿಕ್ಕೆ ಹೋದಾಗ, "ಇವತ್ತಿನ ಕಷ್ಟ ನಾಳೆ ಇರಂಗಿಲ್ಲ, ಹೋಗಿ ಓದ್ಕೋರಿ" ಅಂತ ಮೇಲಿನವರೂ ಹೇಳ್ಯಾರ. ಈ ಮಾತು ಎಷ್ಟು ಖರೆ, ಯಾರ ಪಾಲಿಗೆ ಖರೆ ಅಂತ ಇವತ್ತು ನಾವು ಕೂಡಿ ತೂಗಿ ನೋಡಬೇಕಾಗೇತಿ.

ನಾವು ಕುಂತಿರುವ ಈ ಊರೇ ಮೊದಲ ಸಾಕ್ಷಿ. ಮಹಮ್ಮದ್ ಆದಿಲ್ ಶಾಹ ತನ್ನ ಗೋರಿಗಂತ ಗೋಳಗುಮ್ಮಟ ಕಟ್ಟಿಸಿ 1656ರಲ್ಲಿ ಅದರೊಳಗ ಮಲಗಿದ. ಅವನ ಮಗ ಎರಡನೇ ಅಲಿ ತನ್ನದೊಂದು ದೊಡ್ಡ ಗೋರಿ ಕಟ್ಟಿಸಲಿಕ್ಕೆ ಹೊರಟ. 1672ರಲ್ಲಿ ಸತ್ತಾಗ ಕೆಲಸ ಅರ್ಧಕ್ಕೇ ಇತ್ತು. ಇವತ್ತು ಬಾರಾ ಕಮಾನ್ ಅಂತ ನೋಡ್ತೀವಲ್ಲ, ಅದೇ. 1686ರಲ್ಲಿ ಔರಂಗಜೇಬ ಬಂದ, ಆದಿಲ್‌ಶಾಹಿ ಮುಗೀತು. ಮಲಿಕ್-ಎ-ಮೈದಾನ್ ತೋಪು ಅಂದ್ರ ಎದುರಿನ ಸೈನ್ಯ ನಡುಗುತ್ತಿತ್ತು. 1854ರಲ್ಲಿ ಇಂಗ್ಲಿಷರ ಕಾಲಕ್ಕೆ ಅದನ್ನ ಹಳೇ ಸಾಮಾನಂತ ಹರಾಜಿಗೆ ಹಾಕಿದ್ರು. ಬಂದ ಕೂಗು 150 ರೂಪಾಯಿ. ಅಷ್ಟಕ್ಕೆ ಕೊಡೋದು ಬ್ಯಾಡಂತ ಬಿಟ್ಟರು, ಅದಕ್ಕ ತೋಪು ಉಳೀತು.

ಆಮೇಲೆ ಪೇಶ್ವೆಗಳು, 1818ರಿಂದ ಇಂಗ್ಲಿಷರು. ಮುಂಬಯಿ ಪ್ರಾಂತ ಹೋಗಿ 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ. 1997ರಲ್ಲಿ ಬಾಗಲಕೋಟೆ ಬೇರೆಯಾಯಿತು, 2014ರಲ್ಲಿ ಬಿಜಾಪುರ ಹೋಗಿ ವಿಜಯಪುರ ಆಯಿತು. 2008ರ ಕ್ಷೇತ್ರ ಮರುವಿಂಗಡಣೆಯಾಗ ತಿಕೋಟಾ ವಿಧಾನಸಭಾ ಕ್ಷೇತ್ರ ಕಾಗದದಿಂದ ಅಳಿಸಿಹೋಗಿ ಬಬಲೇಶ್ವರ ಕ್ಷೇತ್ರ ಬಂತು. ಅದೇ ಮರುವಿಂಗಡಣೆಯಾಗ ಬಿಜಾಪುರ ಲೋಕಸಭಾ ಕ್ಷೇತ್ರ ನಮಗೆ ಮೀಸಲಾಯಿತು. 2018ರಲ್ಲಿ ತಿಕೋಟಾ, ಬಬಲೇಶ್ವರ ಎರಡೂ ತಾಲ್ಲೂಕು ಆದವು.

ಇಷ್ಟೆಲ್ಲ ಆದ ಮ್ಯಾಲೂ ನಮ್ಮ ಕೇರಿ ಎಲ್ಲೈತಿ? ನೀವೇ ಹೇಳ್ರಿ.

ಸುಲ್ತಾನನ ಅಧಿಕಾರ ಕೋಟೆಯೊಳಗ ಒಂದು ಕಡೆ ಇತ್ತು. ಕೋಟೆ ಬಿದ್ದ ದಿನ ಅದೂ ಬಿತ್ತು. ಜಾತಿಯ ಅಧಿಕಾರಕ್ಕೆ ರಾಜಧಾನಿ ಇಲ್ಲ. ಅದು ಬಾವಿ ಕಟ್ಟೆಯ ಮ್ಯಾಲೈತಿ, ಹೊಲದ ಉತಾರದಾಗೈತಿ, ಚಹಾ ಕೊಡುವ ಕಪ್ಪಿನಾಗೈತಿ, ಲಗ್ನದ ಮಾತುಕತೆಯಾಗೈತಿ. ಔರಂಗಜೇಬನಿಗೂ ಅದನ್ನ ಮುತ್ತಿಗೆ ಹಾಕಲಿಕ್ಕೆ ಆಗ್ತಿರಲಿಲ್ಲ. ಅಂವಗ ಅದು ಬೇಕಾಗಿರಲೂ ಇಲ್ಲ. ಬರಗಾಲದ ನಾಡಾಗಿದ್ದ ಬಬಲೇಶ್ವರದ ಕಡೆ ಈಗ ಕೃಷ್ಣೆಯ ನೀರು ಏರಿ ಬಂದೈತಿ, ಕೆರೆ ತುಂಬ್ಯಾವ. ತಿಕೋಟಾದ ದ್ರಾಕ್ಷಿ ದೂರದ ಪೇಟೆಗೆ ಹೋಗ್ತದ. ಒಳ್ಳೇದು, ನೀರು ಬ್ಯಾಡ ಅನ್ನೋರು ನಾವಲ್ಲ. ಆದ್ರ ನೀರು ಹೊಲ ಇದ್ದವರ ಹೊಲಕ್ಕೆ ಹರೀತದ. ಹೊಲ ಇಲ್ಲದ ನಮ್ಮ ಅವ್ವಂದಿರು ದ್ರಾಕ್ಷಿ ಬಿಡಿಸಲಿಕ್ಕೆ, ಒಣದ್ರಾಕ್ಷಿ ಆರಿಸಲಿಕ್ಕೆ ಕೂಲಿ ಹೋಗ್ತಾರ.

ಇನ್ನು ಬರಹದ ಮಾತು. ಕಲ್ಯಾಣದಾಗ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಲಗ್ನ ಆಯಿತಂತ ಆ ಇಬ್ಬರು ಬೀಗರನ್ನೂ ಕೊಂದರು ಅನ್ನೋ ಕಥೆ ನಿಮಗೆ ಗೊತ್ತು. ಬಿಜ್ಜಳನ ಸಿಂಹಾಸನ ಹೋಯಿತು, ಓಲೆಗರಿಯ ವಚನಗಳು ಉಳಿದವು. ಅವನ್ನ ಊರೂರು ತಿರುಗಿ ಹುಡುಕಿ ಅಚ್ಚು ಹಾಕಿದವರು ಇದೇ ಊರಿನಾಗಿದ್ದ ವಕೀಲರು, ಫ.ಗು. ಹಳಕಟ್ಟಿ. 1923ರಲ್ಲಿ 'ವಚನಶಾಸ್ತ್ರಸಾರ' ತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಇಟ್ಟರು, ಅದಕ್ಕಾಗಿ ಇದ್ದ ಮನೀನೂ ಮಾರಿದರು. ಅವರಿಗೆ ನಮ್ಮ ಶರಣು. ಆದ್ರೂ ಒಂದು ಮಾತು ಕೇಳಬೇಕು. ಉಳಿದದ್ದು ಯಾವುದು? ನಕಲು ಮಾಡುವ ಕೈ, ಇಡಲಿಕ್ಕೆ ಮಠದ ಜಂತಿ ಇದ್ದ ಬರಹ ಉಳೀತು. ನಮ್ಮ ಆಯಿ ಬೀಸುವಾಗ ಹಾಡಿದ್ದು ಹಿಟ್ಟಿನ ಜೊತೆಗೇ ಹೋಯಿತು. ಬರಹ ಅಮರ ಅಂತ ಸಾಹಿತ್ಯ ಸಮ್ಮೇಳನದಾಗ ಹೇಳ್ತಾರ, ಯಾರ ಬರಹ ಅಂತ ಹೇಳಂಗಿಲ್ಲ.

ಇದನ್ನೇ 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ತಮ್ಮ ರೀತಿಯಲ್ಲಿ ಅಂದರು. ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಆಗ ಅವರು ದೇವರಾಜ ಅರಸರ ಸಂಪುಟದ ಮಂತ್ರಿ. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹುಕುಂ ಮಾಡಿದವರು. ಗಲಾಟೆ ಎದ್ದಿತು, ದಲಿತ ಹುಡುಗರಿಗೆ ಏಟು ಬಿದ್ದವು, ಮಂತ್ರಿ ಕುರ್ಚಿ ಹೋಯಿತು. ಕುರ್ಚಿ ಹೋಗಲಿಕ್ಕೆ ಒಂದು ಶಬ್ದ ಸಾಕಾಯಿತು ನೋಡ್ರಿ. ಆದರೆ ಆ ಏಟು ತಿಂದ ಹುಡುಗರ ಸಿಟ್ಟಿನಿಂದ, ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯನಂಥವರ ಓಡಾಟದಿಂದ ದಲಿತ ಸಂಘರ್ಷ ಸಮಿತಿ ಎದ್ದು ನಿಂತಿತು.

ವಿಜ್ಞಾನ ಓದುವ ಹುಡುಗರು ಅನ್ನಬಹುದು, ನಮ್ಮದು ಹಂಗಲ್ಲ, ಅಲ್ಲಿ ಸತ್ಯ ಒಂದೇ ಅಂತ. ಗುಮ್ಮಟದ ಪಿಸುಮಾತಿನ ಗ್ಯಾಲರಿಯನ್ನೇ ತಗೋರಿ. ಗೋಡೆಗುಂಟ ದನಿ ಹೆಂಗ ಹರೀತದ ಅಂತ ರೇಲೀ ಅನ್ನೋ ಇಂಗ್ಲಿಷ್ ವಿಜ್ಞಾನಿ ಹೇಳಿದ್ದ. 1904ರಲ್ಲಿ ನೊಬೆಲ್ ಪಡೆದ ದೊಡ್ಡ ಮನುಷ್ಯ. 1921ರಲ್ಲಿ ನಮ್ಮ ಸಿ.ವಿ. ರಾಮನ್ ಲಂಡನ್ನಿನ ಸೇಂಟ್ ಪಾಲ್ ಚರ್ಚಿಗೆ ಹೋಗಿ ತಾವೇ ಕಿವಿಗೊಟ್ಟು ಕೇಳಿ, ಆ ವಿವರಣೆ ಪೂರಾ ಸಾಲದು ಅಂದರು. ಮುಂದೆ ನಮ್ಮ ಗುಮ್ಮಟವನ್ನೂ ಪರೀಕ್ಷೆಗೆ ತಗೊಂಡರು. ದೊಡ್ಡವರು ಅಂದ ಮಾತ್ರಕ್ಕೆ ಅಲ್ಲಿ ಮುಗಿಯೋದಿಲ್ಲ.

ಆದ್ರ ವಿಜ್ಞಾನದ ಹೆಸರಿನಾಗ ನಮ್ಮ ಮೂಗನ್ನೂ ಅಳೆದರು. 1901ರ ಜನಗಣತಿ ನಡೆಸಿದ ರಿಸ್ಲಿ ಅನ್ನೋ ಸಾಹೇಬ, ಮೂಗು ಅಗಲಾದಷ್ಟೂ ಜಾತಿ ಕೆಳಗ ಅಂತ ಸಿದ್ಧಾಂತ ಮಾಡಿದ. ಸರಕಾರಿ ಪುಸ್ತಕದಾಗ ಅಚ್ಚಾಯಿತು, ವಿದ್ವಾಂಸರು ತಲೆ ಆಡಿಸಿದರು. 1948ರಲ್ಲಿ ಬಾಬಾಸಾಹೇಬರು ಅಸ್ಪೃಶ್ಯರ ಬಗ್ಗೆ ಬರೆದ ಪುಸ್ತಕದಲ್ಲಿ ಏನು ಮಾಡಿದರು ಗೊತ್ತೇನು? ಸಿಟ್ಟಿಗೆದ್ದು ಕೂಗಲಿಲ್ಲ. ಅವರವರೇ ಅಳೆದ ಮೂಗಿನ ಲೆಕ್ಕ ತಗೊಂಡು, ಪ್ರಾಂತ ಪ್ರಾಂತಕ್ಕೆ ಹೋಲಿಸಿ, ಬ್ರಾಹ್ಮಣನೂ ಅಸ್ಪೃಶ್ಯನೂ ಬೇರೆ ಕುಲದವರಲ್ಲ ಅಂತ ತೋರಿಸಿದರು. ರಿಸ್ಲಿಯ ಸಿದ್ಧಾಂತ ತಾನೇ ಮುಪ್ಪಾಗಿ ಸಾಯಲಿಲ್ಲ, ಲೆಕ್ಕ ಹಾಕುವವರು ಬೇಕಾದರು.

ನಮ್ಮದೂ ಮುಚ್ಚಿಡಬಾರದು. ಸ್ಟೆನ್ಸಿಲ್ಲಿನ ಮಸಿ ಕೈಗೆ ಹತ್ತಿಸಿಕೊಂಡು ಕಟ್ಟಿದ ಸಂಘಟನೆ ಇವತ್ತು ಒಂದೇ ಹೆಸರಿನ ಹಲವು ಬಣ ಆಗೇತಿ. ಸಂಚಾಲಕ ಅನ್ನೋದೂ ಒಂದು ಕುರ್ಚಿನೇ, ಅದಕ್ಕೂ ಅಂಟು ಐತಿ. ಇದನ್ನ ಹೇಳಲಿಕ್ಕೆ ನಮಗೆ ನಾಚಿಕೆ ಆಗ್ತದ, ಆದ್ರೂ ನಿಮ್ಮ ಮುಂದೆ ಹೇಳದೆ ಮತ್ಯಾರ ಮುಂದೆ ಹೇಳೋಣ?

ದೀಪಾವಳಿ ಸೂಟಿಗೆ ಊರಿಗೆ ಹೊಂಟೀರಿ. ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು ಹೋಗ್ರಿ. ನಿಮ್ಮೂರಾಗ ಯಾರು ಎಲ್ಲಿಂದ ನೀರು ತರ್ತಾರ, ಕೇರಿಯೊಳಗ ಎಷ್ಟು ಮನಿಗೆ ಹೊಲ ಐತಿ, ಉತಾರ ಯಾರ ಹೆಸರಿಗೈತಿ, ದ್ರಾಕ್ಷಿ ತೋಟದಾಗ ಹೆಣ್ಣಾಳಿಗೆ ಎಷ್ಟು ಕೂಲಿ, ಗಂಡಾಳಿಗೆ ಎಷ್ಟು, ಹೋಟೆಲಿನಾಗ ಕಪ್ಪು ಬೇರೆ ಐತೋ ಇಲ್ಲೋ, ಕಣ್ಣಾರೆ ಕಂಡದ್ದನ್ನ ತಾರೀಖು ಹಾಕಿ ಬರೀರಿ. ಆಯಿ ಇದ್ರ ಆಕಿ ಹಾಡನ್ನೂ ಬರಕೊಂಡು ಬರ್ರಿ. ಸೂಟಿ ಮುಗಿದ ಮೊದಲ ಐತವಾರ ಇಲ್ಲೇ ಕೂಡೋಣ, ಒಬ್ಬೊಬ್ಬರೇ ಎದ್ದು ಓದ್ರಿ.