ನಾರದರಿಗೂ ಬಾಗಿಲು ತೆರೆಯದ ನಾಡು

ಮೂರು ಲೋಕದ ಸುದ್ದಿ ಸಾಗಿಸುವ ನಾರದಮುನಿಗಳನ್ನು ಚಿಗಟೇರಿಯವರಿಗೆ ಪರಿಚಯಿಸಬೇಕಿಲ್ಲ; ಅವರ ಗುಡಿ ಇರುವುದೇ ಇಲ್ಲಿ. ಅವರಿಗೂ ಬಾಗಿಲು ತೆರೆಯದ ನಾಡೊಂದಿದೆ, ಉತ್ತರ ಕೊರಿಯ. ಅಲ್ಲಿ ಪತ್ರಿಕೆಗಳೆಲ್ಲ ಸರ್ಕಾರದವು, ಹೊರಗಿನವರ ಓಡಾಟಕ್ಕೆ ಸದಾ ಕಾವಲು. ಆದರೂ 2006ರಿಂದ 2017ರವರೆಗೆ ಅದು ನೆಲದಡಿ ನಡೆಸಿದ 6 ಅಣುಪರೀಕ್ಷೆಗಳ ಬಲವನ್ನು, ಅದರ ಮಾತು ನಂಬದೆಯೇ, ಹೊರಗಿನವರು ಅಳೆದರು.

ಹೇಗೆಂಬುದಕ್ಕೆ ನಮ್ಮ ಗೌರಿಬಿದನೂರನ್ನೇ ನೋಡಬಹುದು. ದೂರದ ಅಣುಸ್ಫೋಟಗಳ ಸುಳಿವು ಹಿಡಿಯಲೆಂದೇ 1960ರ ದಶಕದಲ್ಲಿ ಅಲ್ಲಿ ಭೂಕಂಪನ ಮಾಪಕಗಳ ಸಾಲನ್ನು ಹೂಡಲಾಯಿತು. ಭೂಕಂಪದಲ್ಲಿ ಬಂಡೆಗಳು ಒಂದಕ್ಕೊಂದು ಉಜ್ಜಿ ಜಾರುತ್ತವೆ. ಬಾಂಬು ಸಿಡಿದರೆ ನೆಲವನ್ನು ಎಲ್ಲ ದಿಕ್ಕಿಗೂ ಒಮ್ಮೆಗೇ ನೂಕುತ್ತದೆ. ಅಲೆಗಳ ಗೆರೆ ನೋಡಿಯೇ ಪರಿಣತರು ಇವೆರಡನ್ನೂ ಬೇರ್ಪಡಿಸಬಲ್ಲರು. 2012ರ ಡಿಸೆಂಬರಿನಲ್ಲಿ ಆ ದೇಶ ಉಪಗ್ರಹ ಹಾರಿಸಿದಾಗಲೂ ಅಷ್ಟೇ: ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ತಜ್ಞರು ಬಹಿರಂಗವಾಗಿ ಸಿಕ್ಕ ಮಾಹಿತಿಯಿಂದಲೇ ಆ ರಾಕೆಟ್ಟನ್ನು ವಿಶ್ಲೇಷಿಸಿದರು.

ಆದರೆ ಜನರ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದನ್ನು ಯಾವ ಮಾಪಕ ಹೇಳೀತು? 1990ರ ದಶಕದ ಕ್ಷಾಮದಲ್ಲಿ ಸತ್ತವರು 2 ಲಕ್ಷ ಎನ್ನುವವರಿದ್ದಾರೆ, 30 ಲಕ್ಷ ಎನ್ನುವವರೂ ಇದ್ದಾರೆ. ಬಾಂಬಿನ ಲೆಕ್ಕ ಸಿಕ್ಕಷ್ಟು ಸುಲಭವಾಗಿ ಹೆಣದ ಲೆಕ್ಕ ಸಿಗಲಿಲ್ಲ. ಉಳಿದದ್ದು ತಪ್ಪಿಸಿಕೊಂಡು ದಕ್ಷಿಣ ಕೊರಿಯ ಸೇರಿದ 30 ಸಾವಿರಕ್ಕೂ ಹೆಚ್ಚು ಜನರ ಮಾತು. ಅವರಲ್ಲಿ ಹೆಚ್ಚಿನವರು ಚೀನಾ ಗಡಿಯಂಚಿನ ಊರುಗಳವರು. ರಾಜಧಾನಿಯ ಒಳಮಾತು ಅವರ ಕಿವಿಗೂ ಬಿದ್ದದ್ದು ಕಡಿಮೆ.