ಲೋಹದ ಸೂಕ್ಷ್ಮರಚನೆ: ಅಂಕಿ ಹುಟ್ಟುವ ಬಗೆ



ತಾಳವಾಡಿ ಬೆಟ್ಟಸೀಮೆಯಲ್ಲಿ ಕನ್ನಡದಲ್ಲಿ ವಿಜ್ಞಾನ ಕಲಿತ ವಿದ್ಯಾರ್ಥಿಯು ದಿಂಬಂ ಘಾಟಿಯನ್ನಿಳಿದು ಸತ್ಯಮಂಗಲವನ್ನು ದಾಟಿದರೆ, ಪಂಪು ಮತ್ತು ಎರಕದ ಉದ್ಯಮಗಳಿಗೆ ಹೆಸರಾದ ಕೊಯಮತ್ತೂರು ದೂರವಿಲ್ಲ. ಅಲ್ಲಿನ ಪ್ರಯೋಗಶಾಲೆಯೊಂದರಲ್ಲಿ ಕೆಲಸ ದೊರೆತರೆ, ಲೋಹದ ತುಂಡಿನ ಚಿತ್ರವನ್ನು ಗಣಕಯಂತ್ರಕ್ಕೊಪ್ಪಿಸಿ ಅದರಲ್ಲಿ ಪರ್ಲೈಟ್ ಶೇಕಡಾ ಎಷ್ಟೆಂದು ಹೇಳಬೇಕಾಗಬಹುದು. ಆ ಉತ್ತರವನ್ನು ನಂಬಿ ಎರಕವನ್ನು ಒಪ್ಪುವುದೋ ತಿರಸ್ಕರಿಸುವುದೋ ನಿರ್ಧಾರವಾಗುತ್ತದೆ. ಆದುದರಿಂದ ಇಂತಹ ಅಂಕಿ ಹುಟ್ಟುವ ಬಗೆಯನ್ನು ಶಾಲೆಯಲ್ಲಿಯೇ ತಿಳಿಸುವುದು ಉಚಿತ.

ಉಕ್ಕಿನ ತುಂಡನ್ನು ಕನ್ನಡಿಯಂತೆ ನಯಗೊಳಿಸಿ, ಮದ್ಯಸಾರದಲ್ಲಿ ಬೆರೆಸಿದ ಅಲ್ಪ ನೈಟ್ರಿಕ್ ಆಮ್ಲವನ್ನು ಸವರಿದರೆ, ಸೂಕ್ಷ್ಮದರ್ಶಕದಲ್ಲಿ ಬಿಳಿ ಮತ್ತು ಕಪ್ಪು ಭಾಗಗಳು ಕಾಣುತ್ತವೆ. ಬಿಳಿಯದು ಮೆದುವಾದ ಫೆರೈಟ್. ಕಪ್ಪಾಗಿ ಕಾಣುವ ಪರ್ಲೈಟ್ ಗಟ್ಟಿಯಾದುದು. ಫೆರೈಟ್ ಮತ್ತು ಸಿಮೆಂಟೈಟ್ ಎಂಬ ಎರಡು ಪ್ರಾವಸ್ಥೆಗಳು ಪದರಪದರವಾಗಿ ಕೂಡಿ ಆದುದು. ನಿಧಾನವಾಗಿ ತಣಿದ ಸಾದಾ ಉಕ್ಕಿನ ಪರ್ಲೈಟಿನಲ್ಲಿ ಇಂಗಾಲ ಸುಮಾರು ಶೇಕಡಾ 0.8. ಚಿತ್ರದ ಅರ್ಧಭಾಗ ಪರ್ಲೈಟ್ ಆಗಿದ್ದರೆ ಆ ಉಕ್ಕಿನಲ್ಲಿ ಇಂಗಾಲ ಸುಮಾರು ಶೇಕಡಾ 0.4 ಎಂದು ಶಾಲೆಯ ಗಣಿತದಿಂದಲೇ ಹೇಳಬಹುದು.

ಸಪಾಟು ಮೈಯ ಕ್ಷೇತ್ರಫಲದಿಂದ ಒಳಗಿನ ಘನಫಲವನ್ನು ಹೇಳುವುದು ಹೇಗೆ? ಇದಕ್ಕೆ ಉತ್ತರ ಮೊದಲು ದೊರೆತದ್ದು ಲೋಹದಲ್ಲಲ್ಲ, ಕಲ್ಲಿನಲ್ಲಿ. ಫ್ರಾನ್ಸಿನ ಭೂವಿಜ್ಞಾನಿ ಡೆಲೆಸ್ 1847ರಲ್ಲಿ, ಶಿಲೆಯ ಕೊಯ್ದ ಮೈಯಲ್ಲಿ ಖನಿಜವೊಂದು ಆವರಿಸಿದ ಕ್ಷೇತ್ರದ ಪಾಲು ಅದರ ಘನಫಲದ ಪಾಲಿಗೆ ಸಮವೆಂದು ತೋರಿಸಿದನು. ಖನಿಜಗಳ ಆಕಾರವನ್ನು ತವರದ ತೆಳುಹಾಳೆಗೆ ಇಳಿಸಿ, ಕತ್ತರಿಸಿ, ತೂಗಿ ಪ್ರಮಾಣವನ್ನು ಕಂಡನು.

ಇಂದು ತಕ್ಕಡಿಯ ಸ್ಥಾನದಲ್ಲಿ ತಂತ್ರಾಂಶವಿದೆ. ಉಚಿತವಾಗಿ ದೊರೆಯುವ ಇಮೇಜ್‌ಜೆ ಅಂಥದೊಂದು. ಅದು ಚಿತ್ರದ ಪ್ರತಿ ಬಿಂದುವಿನ ಬೆಳಕನ್ನು 0ಯಿಂದ 255ರವರೆಗಿನ ಅಂಕಿಯಾಗಿ ಓದುತ್ತದೆ. ಗೊತ್ತುಪಡಿಸಿದ ಎಲ್ಲೆಗಿಂತ ಕಡಿಮೆಯಿರುವುದನ್ನೆಲ್ಲ ಕಪ್ಪೆಂದು ಎಣಿಸುತ್ತದೆ. ಎಲ್ಲೆಯನ್ನು ತುಸು ಸರಿಸಿದರೆ ಉತ್ತರವೂ ಸರಿಯುತ್ತದೆ. ಎರಕದ ಕಬ್ಬಿಣದಲ್ಲಿ ಗ್ರಾಫೈಟೂ ಕಪ್ಪಾಗಿಯೇ ಕಾಣುವುದರಿಂದ ತಂತ್ರಾಂಶವು ಅದನ್ನೂ ಪರ್ಲೈಟಿನ ಲೆಕ್ಕಕ್ಕೆ ಸೇರಿಸೀತು. ಆಮ್ಲ ಸವರುವ ಮುನ್ನವೇ ಗ್ರಾಫೈಟನ್ನು ಅಳೆದು, ಬಳಿಕ ಕಳೆಯಬೇಕು. ಇದನ್ನರಿಯದವರಿಗೆ ಯಂತ್ರವು ತಪ್ಪು ಉತ್ತರವನ್ನು ಎರಡು ದಶಮಾಂಶ ಸ್ಥಾನಗಳವರೆಗೆ ನಿಖರವಾಗಿ ಕೊಡುತ್ತದೆ.

ಈ ಪಾಠಕ್ಕೆ ಆಮ್ಲವೂ ಬೇಡ, ಸೂಕ್ಷ್ಮದರ್ಶಕವೂ ಬೇಡ. ನಯಗೊಳಿಸಿದ ಗ್ರಾನೈಟ್ ಚಪ್ಪಡಿಯೊಂದು ಸಾಕು. ಪಾರದರ್ಶಕ ಹಾಳೆಯಲ್ಲಿ ಸಮ ಅಂತರದ 100 ಚುಕ್ಕೆಗಳನ್ನಿಟ್ಟು ಚಪ್ಪಡಿಯ ಮೇಲಿರಿಸಿ, ಕಪ್ಪು ಖನಿಜದ ಮೇಲೆ ಬಿದ್ದವನ್ನು ಮಕ್ಕಳು ಎಣಿಸಲಿ. ಅಂಚಿನ ಮೇಲೆ ಬಿದ್ದ ಚುಕ್ಕೆಗೆ ಅರ್ಧ ಲೆಕ್ಕ. ಒಂದು ತಂಡಕ್ಕೆ 40 ಬಂದರೆ, ಹಾಳೆಯನ್ನು ಬೇರೆಡೆ ಇಟ್ಟ ಇನ್ನೊಂದು ತಂಡಕ್ಕೆ 36 ಬಂದೀತು. ಅದು ಮಕ್ಕಳ ತಪ್ಪಲ್ಲ. 100 ಚುಕ್ಕೆಗಳ ಎಣಿಕೆಯಲ್ಲಿ ಸುಮಾರು 5ರಷ್ಟು ಆಚೀಚೆ ಆಗುವುದು ಸಹಜ. 400 ಚುಕ್ಕೆಗಳನ್ನು ಎಣಿಸಿದರೆ ಶೇಕಡಾವಾರಿನಲ್ಲಿ ಆ ವ್ಯತ್ಯಾಸ ಅರ್ಧಕ್ಕಿಳಿಯುತ್ತದೆ. ಶಾಲೆಯಲ್ಲಿ ಗಣಕಯಂತ್ರವಿದ್ದರೆ ಅದೇ ಚಪ್ಪಡಿಯ ಛಾಯಾಚಿತ್ರವನ್ನು ತಂತ್ರಾಂಶದಿಂದ ಅಳೆದು, ಎರಡು ಉತ್ತರಗಳನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆಯಬಹುದು.

ಫಲಿತಾಂಶದೊಡನೆ ಮೂರು ಮಾತು ಬರೆಯುವುದನ್ನು ವಿದ್ಯಾರ್ಥಿಗೆ ರೂಢಿ ಮಾಡಿಸಬೇಕು: ಎಲ್ಲೆಯನ್ನು ಎಲ್ಲಿಟ್ಟಿತು, ಎಷ್ಟು ಕಡೆ ನೋಡಿತು, ಉತ್ತರಗಳು ಎಷ್ಟು ಆಚೀಚೆ ಆದವು ಎಂದು. ಎಣಿಸುವುದು ಯಂತ್ರದ ಕೆಲಸ. ಏನನ್ನು ಎಣಿಸಬೇಕೆಂದು ತೀರ್ಮಾನಿಸುವುದು ಮನುಷ್ಯನ ಹೊಣೆ. ಈ ಹೊಣೆಯನ್ನು ತಾಯ್ನುಡಿಯಲ್ಲಿ ಅರಿತ ವಿದ್ಯಾರ್ಥಿಯು ಯಾವ ಊರಿನ ಪ್ರಯೋಗಶಾಲೆಯಲ್ಲಿಯೂ ತನ್ನ ಅಂಕಿಗೆ ಉತ್ತರ ಹೇಳಬಲ್ಲದು.